ಓನರ್ ಹೋಗಿ ಲೀಡರ್ ಬಂದರು

ಬಿನ್ನಿಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೆ ಒಬ್ಬ ಲೀಡರ್ ಸಿಕ್ಕೇ ಸಿಗುತ್ತಾರೆ. ಎಲೆಕ್ಷನ್ ಲೀಡರ್ ಅಲ್ಲ, ಎಲೆಕ್ಟ್ರಿಕಲ್ ಅಂಗಡಿಯ ಲೀಡರ್. ಮೊನ್ನೆ ಮೊನ್ನೆಯವರೆಗೆ ಇವರೂ ಎಲ್ಲರಂತೆ ಬರೀ ಓನರ್. ಯಾವುದೋ ಹೋಟೆಲಿನ ಎಸಿ ಹಾಲಿನಲ್ಲಿ ಎರಡು ದಿನದ ಶಿಬಿರ, ಮಧ್ಯಾಹ್ನ ಬಫೆ ಊಟ, ಕೊನೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಸೋಮವಾರ ಅಂಗಡಿಗೆ ಬಂದವರೇ ಘೋಷಿಸಿದರು: “ಇನ್ಮೇಲೆ ನಾನು ಓನರ್ ಅಲ್ಲ ಕಣ್ರೋ, ಲೀಡರ್. ನೀವೂ ಹುಡುಗ್ರಲ್ಲ, ಟೀಮ್.”

“ಆಯ್ತು ಓನರ್” ಅಂದಿತು ಟೀಮ್.

ಲೀಡರ್ ಏಳುವುದು ಬೆಳಗಿನ ಐದಕ್ಕೆ. ತಣ್ಣೀರು ಸ್ನಾನ, ಧ್ಯಾನ, ಡೈರಿಯಲ್ಲಿ ಅಂದಿನ ಗುರಿ, ವಾಟ್ಸಾಪ್ ಗ್ರೂಪಿಗೊಂದು ಹಿತವಚನ. ಇಷ್ಟೆಲ್ಲ ಸಾಧಿಸಿದ ಸುಸ್ತಿಗೆ ಏಳಕ್ಕೆ ಮತ್ತೆ ಮಲಗುತ್ತಾರೆ. ಅಂಗಡಿಗೆ ಬರುವಾಗ ಹನ್ನೊಂದು. ಗಲ್ಲಾದ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಪಟ. ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಕಟ್ಟಿಸಿದವರು, ಸಮಯ ಅಂದರೆ ಸಮಯ ಅಂತ ಬಂದ ಗಿರಾಕಿಗೆಲ್ಲ ಹೇಳುತ್ತಾರೆ. ಹೇಳುವಾಗ ಪಟದ ಪಕ್ಕದ ಗಡಿಯಾರದ ಕಡೆ ಮಾತ್ರ ತಿರುಗುವುದಿಲ್ಲ.

ಶಿಬಿರದಲ್ಲಿ ಕಲಿತ ದೊಡ್ಡ ಪಾಠ, ಕೆಲಸ ಹಂಚುವುದು. ಹಂಚಿದರು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಮಾಲಿಗೆ ಓಡುವುದು, ಜಿಎಸ್‌ಟಿ ಆಡಿಟರ ಹತ್ತಿರ ಬೈಸಿಕೊಳ್ಳುವುದು, ಬಾಕಿ ವಸೂಲಿಗೆ ಕಂಟ್ರಾಕ್ಟರುಗಳ ಮನೆ ಬಾಗಿಲು ಕಾಯುವುದು, ಎಲ್ಲ ಟೀಮಿಗೆ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ಲೀಡರ ಉಡುದಾರದಲ್ಲೇ ಉಳಿಯಿತು. ನೂರು ರೂಪಾಯಿಗೆ ಚಿಲ್ಲರೆ ಬೇಕೆಂದರೂ ಅವರು ಎದ್ದು ನಿಂತು ಷರಟು ಮೇಲೆತ್ತಬೇಕು.

ಆಮೇಲೆ ಸಲಹಾ ಪೆಟ್ಟಿಗೆ ಬಂತು. “ಹೆಸರು ಹಾಕಬೇಡಿ, ಮನಸ್ಸು ಬಿಚ್ಚಿ ಬರೀರಿ.” ಮೂರನೇ ದಿನ ಒಂದೇ ಒಂದು ಚೀಟಿ: “ಕೌಂಟರ್ ಮೇಲೊಂದು ಫ್ಯಾನ್ ಹಾಕ್ಸಿ.” ಅಟ್ಟದ ತುಂಬ ಫ್ಯಾನಿನ ಡಬ್ಬಗಳೇ ಇರುವ ಅಂಗಡಿ! ಲೀಡರ್ ಅಂದು ಸಂಜೆಯೆಲ್ಲ ಸ್ಟಾಕ್ ಬುಕ್ ತೆರೆದಿಟ್ಟುಕೊಂಡು ಅಕ್ಷರ ತಾಳೆ ನೋಡಿದರು. ಸಿಕ್ಕಿಬಿದ್ದವರು ಲೆಕ್ಕ ಬರೆಯುವ ಹಿರಿಯರು, ಅಪ್ಪನ ಕಾಲದವರು. ಅವರನ್ನು ಗದರುವುದು ಹೇಗೆಂದು ಶಿಬಿರದಲ್ಲಿ ಹೇಳಿಕೊಟ್ಟಿರಲಿಲ್ಲ.

ಅಪ್ಪನದು ದಿನಸಿ ಅಂಗಡಿ. ಪೇಟೆಗೆ ಹೆಸರು ತಂದ ಮಿಲ್ಲು 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಶುರುವಾಗಿ, ಎರಡೇ ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಆ ಮಿಲ್ಲಿನವರೇ ಅಪ್ಪನ ಗಿರಾಕಿಗಳು. ಸಂಬಳದ ದಿನದವರೆಗೆ ಉದ್ರಿ. ಸಂಬಳ ನಿಂತ ತಿಂಗಳೂ ಅಕ್ಕಿ ಬೇಳೆ ನಿಲ್ಲಿಸಿದವರಲ್ಲ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಯಾವಾಗ ಬೋನಸ್, ಯಾರು ಕೊಡುತ್ತಾರೆ, ಯಾರು ಬೀದಿ ತಪ್ಪಿಸಿ ಓಡಾಡುತ್ತಾರೆ, ಎಲ್ಲ ಬಾಯಲ್ಲೇ ಇತ್ತು. ಮಿಲ್ಲು ಹೋಗಿ ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿಗೆ ಸ್ವಿಚ್ಚು, ವೈರು ಹೊರುವ ಮಗನ ಅಂಗಡಿಗೆ ಹಳಬರು ಇಂದಿಗೂ ಬರುವುದು ಅಪ್ಪನ ಹೆಸರು ಹೇಳಿಕೊಂಡೇ.

ಲೀಡರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಪ್ಪನ ಉದ್ರಿ ಪುಸ್ತಕವನ್ನು ಮುಂದಿನ ಶಿಬಿರದಲ್ಲಿ ಪಿಪಿಟಿ ಮಾಡಿ ತೋರಿಸುವ ಯೋಚನೆಯಲ್ಲಿದ್ದಾರೆ. ಅದನ್ನು ಸ್ಕ್ಯಾನ್ ಮಾಡುವ ಕೆಲಸವೂ ಟೀಮಿಗೇ ಬಿದ್ದಿದೆ. ಹೋದ ತಿಂಗಳ ಸಂಬಳ ಹತ್ತನೇ ತಾರೀಖು ದಾಟಿದರೂ ಬಂದಿಲ್ಲ.

ಆ ಶಿಬಿರದ ಫೀಸು ಹನ್ನೆರಡು ಸಾವಿರವಂತೆ. ಲೀಡರ್ ಸಾಹೇಬರೇ, ಆ ದುಡ್ಡಿಗೆ ನಿಮ್ಮದೇ ಅಂಗಡಿಯಲ್ಲಿ ಐದಾರು ಫ್ಯಾನು ಬರುತ್ತವೆ. ಒಂದು ಹಾಕಿಸಿ ಸಾಕು. ಒಂದನೇ ತಾರೀಖಿಗೆ ಸಂಬಳ ಎಣಿಸಿ. ಆಮೇಲೆ ನೀವು ಬೇಡವೆಂದರೂ ಹುಡುಗರು ಲೀಡರ್ ಅಂತಲೇ ಕರೆಯುತ್ತಾರೆ.