ಸುಸ್ತಾದ ಕಂಪ್ಯೂಟರಿಗೆ ವರ್ಚುವಲ್ ಮೆಮೊರಿ ಹೆಚ್ಚಿಸುವ ಸುಲಭ ವಿಧಾನ

ಬೇಕಾಗುವ ಸಾಮಗ್ರಿ: 4 ಜಿಬಿ ರ‍್ಯಾಮ್ ಇರುವ ವಿಂಡೋಸ್ ಕಂಪ್ಯೂಟರು ಒಂದು, ತಾಳ್ಮೆ, ಸಿಕ್ಕಷ್ಟು, "ವರ್ಚುವಲ್ ಮೆಮೊರಿ ಜಾಸ್ತಿ ಮಾಡ್ಬಿಡಿ ಅಂಕಲ್, ಆಮೇಲೆ ನೋಡಿ ಮಜಾ" ಎಂದು ಹೇಳಿಹೋದ ಪಕ್ಕದ ಮನೆಯ ಹುಡುಗ ಒಬ್ಬ. ಕೆಲಸ ನಡೆಯುವಾಗ ಹುಡುಗ ಸ್ಥಳದಲ್ಲಿರಬೇಕಾಗಿಲ್ಲ. ಸಾಮಾನ್ಯವಾಗಿ ಇರುವುದೂ ಇಲ್ಲ.

ಯಾರಿಗಾಗಿ: 'ನುಡಿ' ತಂತ್ರಾಂಶದಲ್ಲಿ ಲಗ್ನಪತ್ರಿಕೆ ಟೈಪ್ ಮಾಡಲು ಕೂತು, 'ಶ್ರೀ' ಒತ್ತಿ, ಅದು ಪರದೆಯ ಮೇಲೆ ಮೂಡುವುದರೊಳಗೆ ಕಾಫಿ ಕುಡಿದು ಬರುವವರಿಗೆ.

ಹಂತ 1. ಮೊದಲು ನಾಡಿ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಬರಲು ಹೊತ್ತಾಯಿತೇ? ಅದೂ ರೋಗಲಕ್ಷಣವೇ. ಮೆಮೊರಿ ಅರ್ಧಕ್ಕರ್ಧ ಖಾಲಿ ಇದ್ದರೆ ನಿಮ್ಮ ಕಾಯಿಲೆ ಬೇರೆ, ಕೈಪಿಡಿ ಮುಚ್ಚಿಡಿ. ಮೆಮೊರಿ ಶೇಕಡಾ 95, ಡಿಸ್ಕ್ ಶೇಕಡಾ 100 ತೋರಿಸುತ್ತಿದ್ದು, ಪ್ರೊಸೆಸರ್ ಮಾತ್ರ ಶೇಕಡಾ ಹತ್ತರಲ್ಲಿ ಆರಾಮವಾಗಿ ಕೂತಿದ್ದರೆ ಮುಂದೆ ಓದಿ. ಪಟ್ಟಿಯ ತುದಿಯಲ್ಲಿರುವ ಬ್ರೌಸರಿನ ಹೆಸರನ್ನು ಕಂಡೂ ಕಾಣದವರಂತೆ ಇರಿ. ಆ ಟ್ಯಾಬುಗಳನ್ನೆಲ್ಲ ಮುಚ್ಚುವುದಾಗಿದ್ದರೆ ಈ ಕೈಪಿಡಿಯೇ ಬೇಕಿರಲಿಲ್ಲ.

ಹಂತ 2. ತಿಳಿವಳಿಕೆ. ಇದನ್ನು ಎಲ್ಲರೂ ಬಿಟ್ಟು ಹಂತ 3ಕ್ಕೆ ಹಾರುತ್ತಾರೆ. ನೀವೂ ಹಾರಬಹುದು.

ವರ್ಚುವಲ್ ಮೆಮೊರಿಯನ್ನು ಮೊದಲು ಕೆಲಸಕ್ಕೆ ಹಚ್ಚಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ಟಾಮ್ ಕಿಲ್ಬರ್ನ್ ತಂಡದವರು, 1962ರಲ್ಲಿ ಚಾಲೂ ಆದ ಆಟ್ಲಸ್ ಯಂತ್ರದಲ್ಲಿ. ಆ ಕಾಲಕ್ಕೆ ಚುರುಕಾದ ಕೋರ್ ಮೆಮೊರಿಯ ಬೆಲೆ ವಿಪರೀತ. ತಿರುಗುವ ಕಾಂತೀಯ ಡ್ರಮ್ಮು ಅಗ್ಗ, ಆದರೆ ನಿಧಾನ. ಆಟ್ಲಸ್‌ನ ಡ್ರಮ್ಮು ಕೋರಿನ ಆರು ಪಟ್ಟು ದೊಡ್ಡದಿತ್ತು. ಯಾವ ಮಾಹಿತಿ ಎಲ್ಲಿರಬೇಕೆಂದು ಪ್ರೋಗ್ರಾಂ ಬರೆಯುವವರು ತಲೆಕೆಡಿಸಿಕೊಳ್ಳುವ ಬದಲು, ಯಂತ್ರವೇ ಪುಟಪುಟವಾಗಿ ಅತ್ತಿಂದಿತ್ತ ಸಾಗಿಸಿ ಎರಡನ್ನೂ ಒಂದೇ ಮೆಮೊರಿಯಾಗಿ ತೋರಿಸಲಿ ಎಂಬುದು ಅವರ ಉಪಾಯ. ಚಿಕ್ಕದನ್ನು ದೊಡ್ಡದಾಗಿ ತೋರಿಸುವುದಷ್ಟೇ ಅವರ ಉದ್ದೇಶ. ಡ್ರಮ್ಮನ್ನು ಕೋರಿನಷ್ಟು ಚುರುಕು ಮಾಡುತ್ತೇವೆಂದು ಅವರು ಹೇಳಲಿಲ್ಲ. ಅದನ್ನು ಪಕ್ಕದ ಮನೆಯ ಹುಡುಗ ಸೇರಿಸಿದ್ದು.

ಅಡುಗೆಮನೆಯ ಕಟ್ಟೆಯೇ ರ‍್ಯಾಮ್, ಅಟ್ಟವೇ ಹಾರ್ಡ್ ಡಿಸ್ಕ್ ಎಂದಿಟ್ಟುಕೊಳ್ಳಿ. ಕಟ್ಟೆ ತುಂಬಿದಾಗ ಸದ್ಯಕ್ಕೆ ಬೇಡದ ಡಬ್ಬ ಅಟ್ಟಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಹಪ್ಪಳದ ಡಬ್ಬವಾದರೆ ಸರಿಯೇ. ಸಾಸಿವೆಯೂ ಅಟ್ಟದಲ್ಲಿ, ಇಂಗೂ ಅಟ್ಟದಲ್ಲಿ, ಒಂದನ್ನು ಇಳಿಸಬೇಕಾದರೆ ಇನ್ನೊಂದನ್ನು ಏರಿಸಬೇಕು ಎಂದಾದರೆ ಒಗ್ಗರಣೆ ಸೀಯುತ್ತದೆ. ಕಂಪ್ಯೂಟರು ಹೀಗೆ ಏಣಿ ಹತ್ತಿಳಿಯುವುದರಲ್ಲೇ ಹೊತ್ತು ಕಳೆಯುವ ಸ್ಥಿತಿಗೆ ಥ್ರ್ಯಾಶಿಂಗ್ ಎನ್ನುತ್ತಾರೆ. ಅದು ಯಾಕಾಗುತ್ತದೆಂದು ಪೀಟರ್ ಡೆನ್ನಿಂಗ್ 1968ರಲ್ಲೇ ಬಿಡಿಸಿ ಬರೆದರು: ಪ್ರೋಗ್ರಾಮುಗಳಿಗೆ ಆ ಹೊತ್ತಿಗೆ ಬೇಕಾದ ಪುಟಗಳಷ್ಟೂ ಮೆಮೊರಿಯಲ್ಲಿ ಹಿಡಿಸದೆ ಹೋದರೆ ಕೆಲಸ ಕುಸಿದುಬೀಳುತ್ತದೆ. ಅದಕ್ಕೆ ಅಟ್ಟವನ್ನು ಅಗಲ ಮಾಡುವುದು ಮದ್ದಲ್ಲ.

ಲೆಕ್ಕ ಬೇಕೆನ್ನುವವರಿಗೆ: ರ‍್ಯಾಮಿನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ನಿಮಿಷಕ್ಕೆ 5400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು, ತೋಳು ಸರಿಯುವ ಹೊತ್ತು ಬೇರೆ. ಅಂತೂ ಲಕ್ಷ ಪಟ್ಟಿನ ಅಂತರ. ರ‍್ಯಾಮಿನ ಕೆಲಸವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ, ಡಿಸ್ಕಿನ ಅದೇ ಕೆಲಸ ಇವತ್ತು ಬೆಳಿಗ್ಗೆ ಶುರುವಾಗಿ ನಾಳೆ ಮಧ್ಯಾಹ್ನ ಮುಗಿಯುತ್ತದೆ.

ಹಂತ 3. ವಿಂಡೋಸ್ ಕೀಲಿಯ ಜೊತೆ 'ಆರ್' ಒತ್ತಿ, 'ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್' ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಹೊಡೆಯಿರಿ. ಅಡ್ವಾನ್ಸ್ಡ್. ಅದರಲ್ಲಿ ಪರ್ಫಾರ್ಮೆನ್ಸ್, ಅದರ ಪಕ್ಕ ಸೆಟ್ಟಿಂಗ್ಸ್. ಅದರೊಳಗೆ ಇನ್ನೊಂದು ಅಡ್ವಾನ್ಸ್ಡ್. ಅದರೊಳಗೆ ವರ್ಚುವಲ್ ಮೆಮೊರಿ, ಚೇಂಜ್. ಇಷ್ಟು ಬಾಗಿಲ ಹಿಂದೆ ಇಟ್ಟಿರುವುದೇಕೆ ಎಂದು ಮೈಕ್ರೋಸಾಫ್ಟಿನವರು ಎಲ್ಲೂ ಹೇಳಿಲ್ಲ. ನಿಮ್ಮಂಥವರು ಬರುತ್ತೀರೆಂದು ಗೊತ್ತಿತ್ತೆಂದು ನನ್ನ ಊಹೆ. ಎದುರಿಗೆ ಸಿಗುವ 'ಆಟೋಮ್ಯಾಟಿಕಲಿ ಮ್ಯಾನೇಜ್' ಎಂಬ ಗುರುತನ್ನು ತೆಗೆಯಿರಿ. ಈವರೆಗೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದುದು ಇದೇ.

ಹಂತ 4. ಸಂಖ್ಯೆ ಬರೆಯುವುದು. ರ‍್ಯಾಮಿನ ಒಂದೂವರೆ ಪಟ್ಟು ಕನಿಷ್ಠ, ಮೂರು ಪಟ್ಟು ಗರಿಷ್ಠ ಎಂಬ ಸೂತ್ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಾಯಿಂದ ಬಾಯಿಗೆ ಬಂದಿದೆ. 4 ಜಿಬಿಗೆ 6144 ಮತ್ತು 12288 ಎಂಬಿ. ಬರೆದು ಭಕ್ತಿಯಿಂದ ನೋಡಿ. 16 ಜಿಬಿ ರ‍್ಯಾಮ್ ಇದ್ದವನಿಗೆ ಇದೇ ಸೂತ್ರ 24 ಜಿಬಿ ಕೊಡುತ್ತದೆ, ಅಂದರೆ ಅಟ್ಟ ಬೇಡದವನಿಗೇ ದೊಡ್ಡ ಅಟ್ಟ. ಇದನ್ನು ಹುಡುಗನಿಗೆ ತೋರಿಸಬೇಡಿ, ನೊಂದುಕೊಳ್ಳುತ್ತಾನೆ.

ಡಿಸ್ಕಿನಲ್ಲಿ ಅಟ್ಟದ ಕೆಲಸ ಮಾಡುವ ಕಡತಕ್ಕೆ ಪೇಜ್‌ಫೈಲ್ ಎಂದು ಹೆಸರು. ಕೆಲವರು ಜಾಣತನದಿಂದ ಪೇಜ್‌ಫೈಲನ್ನು 'ಡಿ' ಡ್ರೈವಿಗೆ ಸಾಗಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಇರುವ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ ಕೊಡುವುದು ವಾಡಿಕೆ. ತಟ್ಟೆ ಅದೇ, ತೋಳೂ ಅದೇ. ಈಗ ಅದು ಇನ್ನಷ್ಟು ದೂರ ಓಡಬೇಕು, ಅಷ್ಟೇ. ಇನ್ನು ಕೆಲವರು 'ನೋ ಪೇಜಿಂಗ್ ಫೈಲ್' ಆರಿಸುತ್ತಾರೆ. ರ‍್ಯಾಮ್ ಮತ್ತು ಪೇಜ್‌ಫೈಲ್ ಕೂಡಿದಷ್ಟೇ ವಿಂಡೋಸ್ ಹಂಚಬಲ್ಲ ಮೆಮೊರಿಯ ಮಿತಿ. ಪೇಜ್‌ಫೈಲ್ ಇಲ್ಲದ ಚಿಕ್ಕ ಯಂತ್ರದಲ್ಲಿ ನೀವು ಸೇವ್ ಮಾಡದ ಕಡತವನ್ನು ಹೊತ್ತುಕೊಂಡೇ ಪ್ರೋಗ್ರಾಂ ಮಾಯವಾಗಬಹುದು.

ಹಂತ 5. 'ಓಕೆ' ಒತ್ತುವ ಮೊದಲು 'ಸೆಟ್' ಒತ್ತಿ. ಮರೆತರೆ ಬರೆದದ್ದು ಯಾವುದೂ ಜಾರಿಗೆ ಬರುವುದಿಲ್ಲ. ಮರೆತವರೂ ವೇಗ ಹೆಚ್ಚಿತೆಂದು ಹೇಳಿದ್ದಾರೆ.

ಹಂತ 6. ರೀಸ್ಟಾರ್ಟ್ ಮಾಡಿ. ನೋಡಿ, ಎಷ್ಟು ಚುರುಕು! ಹುಡುಗನ ಕೀರ್ತಿಯ ಗುಟ್ಟೆಲ್ಲ ಈ ಹಂತದಲ್ಲಿದೆ. ರೀಸ್ಟಾರ್ಟಿಗೆ ಬ್ರೌಸರ್, ಟ್ಯಾಬು, ವಾರದಿಂದ ಕೂತಿದ್ದ ಪ್ರೋಗ್ರಾಮುಗಳೆಲ್ಲ ಎದ್ದುಹೋಗಿ ರ‍್ಯಾಮ್ ಖಾಲಿಯಾಗಿರುತ್ತದೆ. ಸಂಖ್ಯೆ ಮುಟ್ಟದೆ ರೀಸ್ಟಾರ್ಟ್ ಮಾಡಿದ್ದರೂ ಇಷ್ಟೇ ಚುರುಕು ಬರುತ್ತಿತ್ತು. ಟ್ಯಾಬುಗಳು ಮತ್ತೆ ತುಂಬುವ ಮುನ್ನ ಹುಡುಗನಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿಬಿಡಿ.

ಇಂಥ ಭ್ರಮೆಗೆ ದೊಡ್ಡ ಮಾರುಕಟ್ಟೆಯೇ ಇತ್ತು. 1995ರಲ್ಲಿ ಅಮೆರಿಕದ ಸಿಂಕ್ರೋನಿಸ್ ಕಂಪನಿ ರ‍್ಯಾಮನ್ನು ಇಮ್ಮಡಿ ಮಾಡುತ್ತೇವೆಂದು ಸಾಫ್ಟ್‌ರ‍್ಯಾಮ್95 ಮಾರಿತು, ಜನ ಮುಗಿಬಿದ್ದು ಕೊಂಡರು. ಪರೀಕ್ಷಿಸಿದಾಗ ಅದು ರ‍್ಯಾಮ್ ಹೆಚ್ಚಿಸುವ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲವೆಂದು ಬಯಲಾಗಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬೆನ್ನುಹತ್ತಿತು. ಪಕ್ಕದ ಮನೆಯ ಹುಡುಗ ಕಾಸನ್ನಾದರೂ ಕೇಳುವುದಿಲ್ಲ.

ನ್ಯಾಯವಾಗಿ ಒಂದು ಮಾತು: 'ಮೆಮೊರಿ ಸಾಲದು' ಎಂಬ ಎಚ್ಚರಿಕೆ ಬರುತ್ತಿದ್ದರೆ ಪೇಜ್‌ಫೈಲ್ ಹಿಗ್ಗಿಸುವುದರಿಂದ ಉಪಯೋಗವಿದೆ. ಪ್ರೋಗ್ರಾಂ ಸಾಯುವ ಬದಲು ತೆವಳುತ್ತದೆ.

ಹಂತ 7. ಹಂತ 3ರಲ್ಲಿ ತೆಗೆದ ಗುರುತನ್ನು ಮತ್ತೆ ಹಾಕಿ, ಎಲ್ಲವನ್ನೂ ವಿಂಡೋಸಿಗೆ ಒಪ್ಪಿಸಿ, ಬೆಂಗಳೂರಿನವರಾದರೆ ಎಸ್‌ಪಿ ರೋಡಿಗೆ, ಬೇರೆ ಊರಿನವರಾದರೆ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ ಇನ್ನೊಂದು 4 ಜಿಬಿ ರ‍್ಯಾಮ್ ತನ್ನಿ. ಕಾಸು ಉಳಿದರೆ ತಿರುಗುವ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಹೊರಡುವ ಮುಂಚೆ ಹಳೆಯ ರ‍್ಯಾಮಿನ ಮೇಲೆ ಡಿಡಿಆರ್3 ಎಂದಿದೆಯೋ ಡಿಡಿಆರ್4 ಎಂದಿದೆಯೋ ನೋಡಿಕೊಳ್ಳಿ. ಎರಡರ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೂರದಿದ್ದರೆ ದಯವಿಟ್ಟು ಒತ್ತಬೇಡಿ.