ಹಲ್ಲ ತಿಕ್ಕಿದಿ ಏನಲೇ?

ಬೆಳಗಾವಿಯ ಟಿಳಕವಾಡಿಯಿಂದ ಹಿಡಿದು ಖಾನಾಪುರದ ಕಾಡಂಚಿನ ಹಳ್ಳಿಯ ತನಕ, ಬೆಳಗಿನ ಏಳರ ಸುಮಾರಿಗೆ ಸಾಲಿಗೆ ಹೋಗುವ ಮಕ್ಕಳಿದ್ದ ಮನೆಯಲ್ಲೆಲ್ಲ ಕೇಳಿಬರುವ ಪ್ರಶ್ನೆ ಇದು. ಒಂದು ಮನೆಯಲ್ಲಿ ಕನ್ನಡದಲ್ಲಿ, ಗೋಡೆಯಾಚೆ ಮರಾಠಿಯಲ್ಲಿ, ಲೋಂಡಾ ಕಡೆ ಹೋದರೆ ಕೊಂಕಣಿಯಲ್ಲಿ. ಉತ್ತರ ಮಾತ್ರ ಎಲ್ಲ ಕಡೆಗೂ "ಹೂಂ". ಗಡಿ ವಿವಾದ ತಟ್ಟದ ಸುಳ್ಳು ಈ ಭಾಗದಲ್ಲಿ ಇದೊಂದೇ ಇರಬೇಕು.

ನಗರದ ತಾಯಂದಿರು ಈ "ಹೂಂ"ಗೆ ಮೋಸ ಹೋಗುವವರಲ್ಲ. ಬ್ರಷ್ ಹಸಿ ಇದೆಯೋ ಇಲ್ಲವೋ ಮುಟ್ಟಿ ನೋಡುತ್ತಾರೆ. ಅದಕ್ಕೇ ನನ್ನ ಅಳಿಯ ಬ್ರಷ್ಷನ್ನು ನಳದ ಕೆಳಗೆ ಹಿಡಿಯುವುದನ್ನು ಕಲಿತ. ತಂಗಿ ಬಾಯಿ ಮೂಸತೊಡಗಿದಳು. ಇವನು ಚೂರು ಪೇಸ್ಟನ್ನು ನಾಲಿಗೆಗೆ ಸವರಿಕೊಳ್ಳತೊಡಗಿದ. ವೈದ್ಯರು ಹೇಳುವ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಈ ಕಾರಸ್ಥಾನಕ್ಕೇ ಹೋಗುತ್ತದೆ.

ಖುಷಿ ಬಂದ ದಿನ ತಿಕ್ಕುತ್ತಾನೆ, ಅದೂ ಟಿವಿ ಕಲಿಸಿದಂತೆ. ಜಾಹೀರಾತಿನಲ್ಲಿ ಪೇಸ್ಟು ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಮೈಚಾಚಿ ಮಲಗಿರುತ್ತದೆ. ಮೂರು ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಸಾಕು, ಅದಕ್ಕೂ ಸಣ್ಣವಕ್ಕೆ ಅಕ್ಕಿಕಾಳಿನಷ್ಟು. ಅಷ್ಟೇ ಹಚ್ಚಿಕೊಟ್ಟರೆ, "ಮಾಮಾ, ಪೇಸ್ಟ್ ಮುಗದೈತೇನು?" ಎಂದು ನನ್ನ ಬಡತನಕ್ಕೆ ಮರುಗುತ್ತಾನೆ.

ಖಾನಾಪುರ ತಾಲೂಕಿನಲ್ಲಿರುವ ಅಕ್ಕನ ಮನೆಯಲ್ಲಿ ಈ ತನಿಖೆಗಳಿಲ್ಲ. ಮಕ್ಕಳು ಹಿತ್ತಿಲಲ್ಲಿ ಸಾಲಾಗಿ ನಿಂತು ತಾವಾಗಿಯೇ ತಿಕ್ಕುತ್ತವೆ, ಯಾಕೆಂದರೆ ಪಂದ್ಯ ಇರುವುದು ಉಗುಳುವುದರಲ್ಲಿ. ನೊರೆ ಪೇರಲ ಗಿಡ ದಾಟಿದವನು ಗೆದ್ದ. ಪೇಸ್ಟ್ ಮುಗಿದಿದ್ದರೆ ಭತ್ತದ ಹೊಟ್ಟು ಸುಟ್ಟ ಕರಿ ಇದೆಯಲ್ಲ. ಅದರಲ್ಲಿ ಸಿಲಿಕಾ ಬಹಳ. ಹಲ್ಲಿನ ಕೊಳೆಯೂ ಹೋಗುತ್ತದೆ, ಜೊತೆಗೆ ಸ್ವಲ್ಪ ಸ್ವಲ್ಪ ಹಲ್ಲೂ.

ಆ ಹಿತ್ತಿಲಿನ ಮುಖ್ಯೋಪಾಧ್ಯಾಯಿನಿ ಅಂದರೆ ಅಕ್ಕನ ಅತ್ತೆ, ಮಕ್ಕಳ ಆಯಿ. ತಂಬಾಕು ಹುರಿದು ಪುಡಿ ಮಾಡಿದ ಮಶೇರಿಯನ್ನು ತೋರುಬೆರಳಿಗೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತರೆ ಅರ್ಧ ತಾಸು ಏಳುವುದಿಲ್ಲ. ಬೆಳಗ್ಗೆ ಒಮ್ಮೆ, ಊಟಕ್ಕೆ ಮೊದಲೊಮ್ಮೆ, ಸಂಜೆ ಮತ್ತೊಮ್ಮೆ. ದಂತವೈದ್ಯರ ಕನಸಿನಲ್ಲೂ ಇಷ್ಟು ಶ್ರದ್ಧಾವಂತರು ಬರಲಿಕ್ಕಿಲ್ಲ. ಶ್ರದ್ಧೆ ನಿಕೋಟಿನ್ನಿನದು ಎಂಬುದು ಬೇರೆ ಮಾತು. ಬಾಯಿ ಕ್ಯಾನ್ಸರಿಗೂ ಅದೇ ದಾರಿ. ಮಕ್ಕಳು ನಮ್ಮ ಉಪದೇಶ ಕೇಳಿದಂತೆ ಮಾಡಿ, ನೋಡುವುದು ಆಯಿಯ ಬೆರಳನ್ನು. ಮೊನ್ನೆ ಮೂರನೆತ್ತೆಯ ಮೊಮ್ಮಗಳು ಡಬ್ಬಿಗೆ ಕೈ ಹಾಕಿದಳು.

"ಏ, ಅದು ಹುಡುಗೂರು ಹಚ್ಚೂದಲ್ಲ!"

"ಮತ್ತ ನೀ ಯಾಕ ಹಚ್ಚತಿ?"

"ನನ್ನ ಹಲ್ಲ ಅಳ್ಳಾಡತಾವ, ಅದಕ್ಕ."

"ಸಾಲಿಗೆ ಬಂದ ಡಾಕ್ಟರು ಹಚ್ಚಿದ್ರನ ಅಳ್ಳಾಡತಾವ ಅಂದ್ರು."

ಆಯಿ ಆ ಡಾಕ್ಟರಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಯಿಯ ಶಾಸ್ತ್ರದ ಇನ್ನೊಂದು ಸೂತ್ರ: "ಹಾಲಹಲ್ಲ ಹೆಂಗೂ ಬೀಳಾವ, ಬಿಡ." ಬಿದ್ದದ್ದನ್ನು ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆದರಾಯಿತು. ಆದರೆ ಆರನೇ ವರ್ಷದ ಆಸುಪಾಸಿಗೆ, ಯಾವ ಹಲ್ಲನ್ನೂ ಬೀಳಿಸದೆ, ಎಲ್ಲಕ್ಕಿಂತ ಹಿಂದೆ ಒಂದು ದವಡೆಹಲ್ಲು ಬಂದು ಕೂತಿರುತ್ತದೆ. ಅದು ಕಾಯಮ್ಮಿನದು. ಅದನ್ನೂ ಹಾಲುಹಲ್ಲಿನ ಲೆಕ್ಕಕ್ಕೆ ಹಾಕಿ ಬೆಳಗಾವಿ ಕುಂದಾ ತಿನ್ನಿಸಿ ಮಲಗಿಸುತ್ತೇವೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆ. ತೊಳೆಯುವವರಿಲ್ಲದ ಬಾಯಲ್ಲಿ ಸೂಕ್ಷ್ಮಾಣುಗಳು ಬೆಳಗಿನವರೆಗೆ ಸಕ್ಕರೆಯನ್ನು ಆಮ್ಲ ಮಾಡುತ್ತ ಕೂರುತ್ತವೆ. ಮಲಗುವ ಮುನ್ನ ತಿಕ್ಕಿಸೋಣ ಅಂದರೆ ಭಾವನ ಪ್ರಶ್ನೆ: "ರಾತ್ರಿ ತಿಕ್ಕಿ ಯಾರಿಗೆ ತೋರ್ಸೂದೈತಿ?"

ಬೆಳಗಾವಿಯಲ್ಲಿ ದಂತ ಕಾಲೇಜುಗಳೇ ಎರಡಿವೆ, ಕೆಎಲ್ಇಯದೊಂದು, ಮರಾಠಾ ಮಂಡಳದ್ದೊಂದು. ಹಾಗಾಗಿ ಸಾಲಿಗೆ ಬಿಳಿ ಕೋಟಿನವರು ಬರುವುದು ಅಪರೂಪವಲ್ಲ. ಪ್ಲಾಸ್ಟಿಕ್ ದವಡೆಯೊಂದನ್ನು ತೆರೆದು, ಅದಕ್ಕೊಪ್ಪುವ ದೊಡ್ಡ ಬ್ರಷ್ ಆಡಿಸಿ ತೋರಿಸುತ್ತಾರೆ. ಮೂರನೆತ್ತೆಯವಳಿಗೆ ಆ ದವಡೆಯ ಮೇಲೆ ಮನಸ್ಸು. ಮನೆಗೆ ಬಂದವಳೇ ಇನ್ಸ್‌ಪೆಕ್ಟರಳಾಗಿ ಎಲ್ಲರ ಬಾಯಿ ತೆರೆಸಿದಳು. ಅಜ್ಜನ ಸರದಿ ಬಂದಾಗ ಅವರು ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ತೆಗೆದು ಅವಳ ಅಂಗೈಗಿಟ್ಟರು: "ತಗೋವಾ, ನೀನ ತಿಕ್ಕು." ಅಂದಿನಿಂದ ದಿನಾ ಎರಡು ಹೊತ್ತು, ಒಳಗೆ ಹೊರಗೆ, ಸುತ್ತಿ ಸುತ್ತಿ ಅದನ್ನು ತಿಕ್ಕುತ್ತಾಳೆ. ತನ್ನವನ್ನು ತಿಕ್ಕಲು ಅವಳಿಗೆ ಪುರಸೊತ್ತಿಲ್ಲ.