ಸಬ್ಜಿ ಎಂದರೆ ಕ್ಯಾರೆಟ್ಟು

ಉಜ್ಬೇಕಿಸ್ತಾನದ ಊಟದಲ್ಲಿ ಕನ್ನಡಿಗರಿಗೆ ಹೆಚ್ಚು ತೊಂದರೆ ಕೊಡುವುದು ಗುರುತಿಲ್ಲದ ಹೆಸರುಗಳಲ್ಲ, ಗುರುತಿರುವ ಹೆಸರುಗಳು. ಪಾರಸಿ ಭಾಷೆಯು ಒಂದು ಕಾಲಕ್ಕೆ ಸಮರಕಂದದಿಂದ ಬಿಜಾಪುರದವರೆಗಿನ ಆಸ್ಥಾನಗಳಲ್ಲಿ ಓಡಾಡಿಕೊಂಡಿದ್ದು, ಹೋದಲ್ಲೆಲ್ಲ ಅಡುಗೆಮನೆಗೂ ಇಣುಕಿದ್ದರಿಂದ, ನಾನ್ ಅಲ್ಲಿ ನೋನ್ ಆಗಿದೆ, ಚಾಯ್ ಚೋಯ್ ಆಗಿದೆ, ಪಲಾವು ಪಲೋವ್ ಆಗಿದೆ. ಊಟದ ಮನೆಗೆ ಅಲ್ಲಿ ಓಶ್‌ಖೋನಾ ಎಂದು ಹೆಸರು; ಓಶ್ ಎಂದರೆ ಊಟ, ಖೋನಾ ಎಂಬುದು ಕನ್ನಡದ ಕಾರ್ಖಾನೆ, ದವಾಖಾನೆಗಳಲ್ಲಿರುವ ಖಾನೆಯೇ. ದುಂಬಾ ಎಂಬ, ಕುರಿಯ ಬಾಲದ ಬುಡದ ಕೊಬ್ಬನ್ನು ಮೊದಲ ಸಲ ತಿಂದವರಿಗೆ ಈ ಖಾನೆಗೂ ಆ ದವಾಖಾನೆಗೂ ಇರುವ ನಂಟು ಬರಿಯ ವ್ಯಾಕರಣದ್ದಲ್ಲವೆಂದು ಅನ್ನಿಸಿದರೆ ತಪ್ಪಿಲ್ಲ.

ಪಲೋವ್ ಎಂಬುದು ಕರ್ನಾಟಕದ ಹೋಟೆಲುಗಳಲ್ಲಿ ಬೆಳಗಿನ ತಿಂಡಿಗೆ ಸಿಗುವ, ಬಟಾಣಿ ಎಣಿಸಿ ಹಾಕಿದ ಪಲಾವಲ್ಲ. ಎರಕದ ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ಎಣ್ಣೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಕುರಿಮಾಂಸ, ಈರುಳ್ಳಿ, ಕಡ್ಡಿಯಂತೆ ಕೈಯಲ್ಲೇ ಹೆಚ್ಚಿದ ಹಳದಿ ಕ್ಯಾರೆಟ್ಟುಗಳನ್ನು ಹುರಿದು, ಜೀರಿಗೆ ಹಾಕಿ ನೀರೆರೆದು ಕುದಿಸಿದ ಸಾರಕ್ಕೆ ಝಿರ್ವಾಕ್ ಎನ್ನುತ್ತಾರೆ. ಅದರ ಮೇಲೆ ಅಕ್ಕಿಯನ್ನು ಹರಡಿ, ಇಡೀ ಬೆಳ್ಳುಳ್ಳಿ ಗಡ್ಡೆಗಳನ್ನು ಹುಗಿದು, ಕಲಕದೆ ಬೇಯಿಸುತ್ತಾರೆ. ಅಕ್ಕಿ ಒಂದು ಕಿಲೋ ಆದರೆ ಮಾಂಸವೂ ಒಂದು ಕಿಲೋ, ಕ್ಯಾರೆಟ್ಟೂ ಒಂದು ಕಿಲೋ ಎಂಬುದು ಅಲ್ಲಿನ ಬಾಣಸಿಗರ ರೂಢಿಯ ಲೆಕ್ಕ. 2016ರಲ್ಲಿ ಯುನೆಸ್ಕೋ ಈ ಪಲೋವ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಗ್ಗರಣೆ ಅನ್ನಕ್ಕೆ ಇಂಥ ಯೋಗ ಒದಗದಿರುವುದು ಬೇರೆ ಮಾತು.

ಇಷ್ಟನ್ನು ಓದಿಕೊಂಡೇ ತಾಷ್ಕೆಂಟಿನ ಪುಟ್ಟ ಓಶ್‌ಖೋನಾ ಒಂದಕ್ಕೆ ಹೋಗಿದ್ದ ಪ್ರಸ್ತುತ ಲೇಖಕನ ವಿದ್ವತ್ತು, ಜೊತೆಯಲ್ಲಿದ್ದ ಸಸ್ಯಾಹಾರಿ ಸಹಪ್ರಯಾಣಿಕರ ಪಾಲಿಗೆ ಕವಡೆಯಷ್ಟೂ ಉಪಯೋಗಕ್ಕೆ ಬರಲಿಲ್ಲ. ಅವರು ಸಿನಿಮಾದಿಂದ ಕಲಿತ ಹಿಂದಿಯಲ್ಲಿ "ಸಬ್ಜಿ, ಸಬ್ಜಿ" ಎಂದರು. ಉಜ್ಬೇಕಿಯಲ್ಲಿ ಸಬ್ಜಿ ಎಂದರೆ ತರಕಾರಿಯಲ್ಲ, ಕ್ಯಾರೆಟ್ಟು. ಅದು ಪಲೋವಿನಲ್ಲಿ ಬೇಕಾದಷ್ಟಿರುವುದರಿಂದ ಅಂಗಡಿಯ ಹಿರಿಯ ಹೆಂಗಸು ಸಂತೋಷದಿಂದ ತಲೆಯಾಡಿಸಿ, ಹಳದಿ ಕಡ್ಡಿಗಳು ಮಿನುಗುವ ಒಂದು ತಟ್ಟೆ ಪಲೋವನ್ನು ತಂದಿಟ್ಟರು. ಅದರ ನೆತ್ತಿಯ ಮೇಲೆ ನಾಲ್ಕು ತುಂಡು ಮಾಂಸ ಕೂತಿತ್ತು. ಸಹಪ್ರಯಾಣಿಕರು ಮುಖ ಕಿವಿಚಿ ಅದನ್ನು ಬೆರಳಿನಿಂದ ತೋರಿಸಲು, ಆ ತಾಯಿ ಚಮಚದಲ್ಲಿ ನಾಲ್ಕನ್ನೂ ಒಂದೊಂದಾಗಿ ಎತ್ತಿ ಲೇಖಕನ ತಟ್ಟೆಗೆ ವರ್ಗಾಯಿಸಿ, "ಗೋಷ್ಟ್ ಯೋಖ್", ಅಂದರೆ ಮಾಂಸ ಇಲ್ಲ, ಎಂದು ಘೋಷಿಸಿದರು. ಆ ಕ್ಷಣಕ್ಕೆ ಅದು ಅಕ್ಷರಶಃ ನಿಜವಾಗಿದ್ದರಿಂದ ವಾದಕ್ಕೆ ಎಡೆಯಿರಲಿಲ್ಲ. ಕೊನೆಗೆ ಅವರ ಪಾಲಿಗೆ ಉಳಿದದ್ದು ನೋನ್, ಮತ್ತು ಟೊಮ್ಯಾಟೊ ಈರುಳ್ಳಿಗಳನ್ನು ಹಾಳೆಯಷ್ಟು ತೆಳ್ಳಗೆ ಹೆಚ್ಚಿದ ಅಚ್ಚಿಚುಕ್ ಎಂಬ ಕೋಸಂಬರಿ. ಇವೆರಡಕ್ಕೂ ಮೇಜಿನ ಮರೆಯಲ್ಲಿ ಚಟ್ನಿಪುಡಿಯ ಪೊಟ್ಟಣ ಬಿಚ್ಚಿಕೊಂಡದ್ದನ್ನು ಸಾಂಸ್ಕೃತಿಕ ವಿನಿಮಯವೆಂದೇ ಕರೆಯಬೇಕು. ನೋನನ್ನು ಅಲ್ಲಿ ಕೈಯಿಂದ ಮುರಿಯಬೇಕು, ಬೆನ್ನು ಮೇಲಾಗಿ ಮಗುಚಿ ಇಡಬಾರದು. ಸಹಪ್ರಯಾಣಿಕರು ಪುಡಿ ಚೆಲ್ಲದಿರಲೆಂದು ಅದನ್ನು ಮಗುಚಿದಾಗಲೆಲ್ಲ ಆಕೆ ಬಂದು ತುಟಿಪಿಟಕ್ಕೆನ್ನದೆ ನೆಟ್ಟಗಿಟ್ಟು ಹೋಗುತ್ತಿದ್ದರು.

ಆಮೇಲೆ ಹಸಿರು ಚಹಾ ಬಂತು. ಕೂಜದಿಂದ ಪಿಯೋಲಾ ಎಂಬ ಹಿಡಿಯಿಲ್ಲದ ಬಟ್ಟಲಿಗೆ ಸುರಿದು, ಅದನ್ನು ಮತ್ತೆ ಕೂಜಕ್ಕೇ ಹಿಂದಿರುಗಿಸುವ ಕ್ರಿಯೆ ಮೂರು ಸಲ ನಡೆಯುತ್ತದೆ. ಡಿಗ್ರಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಅಳತೆಯಲ್ಲಿ. ಅತಿಥಿಗೆ ಅರ್ಧ ಬಟ್ಟಲೋ ಇನ್ನೂ ಕಡಿಮೆಯೋ ಕೊಡುವುದು ಅಲ್ಲಿನ ಮರ್ಯಾದೆ, ಏಕೆಂದರೆ ಮತ್ತೆ ಮತ್ತೆ ಎರೆಯುವ ಅವಕಾಶ ಉಪಚರಿಸುವವರಿಗೆ ಬೇಕು. ಅಂಚಿನವರೆಗೆ ತುಂಬಿಸಿದರೆ "ಇನ್ನು ಹೊರಡಬಹುದು" ಎಂದರ್ಥ. ಬೈ ಟೂ ಕಾಫಿಯ ನಾಡಿನಿಂದ ಬಂದ ಸಹಪ್ರಯಾಣಿಕರು, ಮಿಕ್ಕರ್ಧ ಯಾರ ಪಾಲಿಗೆ ಹೋಯಿತೆಂದು ಸುತ್ತ ನೋಡಿ, ಬಟ್ಟಲನ್ನು ಮುಂದೆ ಚಾಚಿ, ಅಂಚನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಆಕೆ ಅನುಮಾನಿಸಿದರು, ಲೇಖಕನ ಮುಖ ನೋಡಿದರು, ನಿಟ್ಟುಸಿರಿಟ್ಟು ಅಂಚಿನವರೆಗೆ ಎರೆದರು. ಲೇಖಕನು ಕಣ್ಣು ತಪ್ಪಿಸಿಕೊಂಡು ಚೀಲವನ್ನು ಹೆಗಲಿಗೇರಿಸುತ್ತಿದ್ದರೆ, ಸಹಪ್ರಯಾಣಿಕರು ಅದನ್ನು ಸೊರ್ರೆಂದು ಒಂದೇ ಗುಟುಕಿಗೆ ಮುಗಿಸಿ, ಇನ್ನೊಂದು ಫುಲ್ ಕೇಳಿದರು.